ಏಳಡಿಯ ಹೊಸಬನ ಮೊದಲ ವರ್ಷ: ಮುನ್ನಂದಾಜು ಎಷ್ಟು ನಿಜ?

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಪ್ರತಿವರ್ಷ ‘ಡ್ರಾಫ್ಟ್’ ಎಂಬ ಆಯ್ಕೆ ಪ್ರಕ್ರಿಯೆ ನಡೆಯುತ್ತದೆ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತ ತಂಡಕ್ಕೆ ಮೊದಲು ಆರಿಸುವ ಅವಕಾಶ ದೊರೆಯುವ ಸಾಧ್ಯತೆ ಹೆಚ್ಚಿರುವಂತೆ ಲಾಟರಿ ಎತ್ತಿ, ಆ ಸರದಿಯಂತೆ ತಂಡಗಳು ಹೊಸ ಆಟಗಾರರನ್ನು ಹೆಸರಿಸುತ್ತವೆ. ಹೀಗೆ ಬರುವ ಹೊಸಬರಲ್ಲಿ ‘ಸೆಂಟರ್’ ಸ್ಥಾನದ ಆಟಗಾರನ ಬಗ್ಗೆ ಭವಿಷ್ಯ ನುಡಿಯುವುದು ಬೇರೆಲ್ಲ ಸ್ಥಾನಗಳಿಗಿಂತ ಕಷ್ಟದ ಕೆಲಸವೆಂದು ಅನುಭವ ತೋರಿಸಿಕೊಟ್ಟಿದೆ. ಬುಟ್ಟಿಯ ಹತ್ತಿರ ನಿಂತು ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವ, ಗುರಿ ತಪ್ಪಿ ಮರಳಿದ ಚೆಂಡನ್ನು ಕೈವಶ ಮಾಡಿಕೊಳ್ಳುವ, ಅಂದರೆ ‘ಬ್ಲಾಕ್’ ಮತ್ತು ‘ರೀಬೌಂಡ್’ಗಳನ್ನು ಗಳಿಸುವ ಹೊಣೆ ಈ ಸ್ಥಾನದ್ದು, ಬುಟ್ಟಿ ನೆಲದಿಂದ ಹತ್ತಡಿ ಎತ್ತರದಲ್ಲಿರುವುದರಿಂದ ತಂಡದ ಅತಿ ಎತ್ತರದ ಆಟಗಾರನಿಗೇ ಸಾಮಾನ್ಯವಾಗಿ ಈ ಜಾಗ ಮೀಸಲು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಬೇರ್ಪಡಿಸಿ ನೋಡುವುದೇ ಮುನ್ನಂದಾಜಿನ ನಿಜವಾದ ಕೌಶಲ.

ಎತ್ತರವೊಂದನ್ನೇ ಹಿಡಿದು ಹೊರಟರೆ ಎಲ್ಲಿಗೆ ತಲುಪಬಹುದೆಂಬುದಕ್ಕೆ ಸುಡಾನ್‌ನಲ್ಲಿ ಹುಟ್ಟಿದ ಮನುಟೆ ಬೋಲ್ ಅವರ ಮೊದಲ ವರ್ಷ ಒಳ್ಳೆಯ ಉದಾಹರಣೆ. ಏಳಡಿ ಏಳಿಂಚು ಎತ್ತರವಿದ್ದ, ಆದರೆ ಬಹಳ ತೆಳ್ಳಗಿದ್ದ ಅವರು 1985–86ರಲ್ಲಿ ವಾಷಿಂಗ್ಟನ್ ತಂಡದ ಪರ ಆಡಿ 397 ಬ್ಲಾಕ್‌ಗಳನ್ನು, ಅಂದರೆ ಪಂದ್ಯಕ್ಕೆ ಸರಾಸರಿ ಐದನ್ನು, ಗಳಿಸಿದರು. ಹೊಸಬರ ಪಟ್ಟಿಯಲ್ಲಿ ಅದು ಇಂದಿಗೂ ದಾಖಲೆ. ಅದೇ ವರ್ಷ ಅವರು ಗಳಿಸಿದ ಅಂಕಗಳ ಸರಾಸರಿ ಪಂದ್ಯಕ್ಕೆ ನಾಲ್ಕನ್ನೂ ಮುಟ್ಟಲಿಲ್ಲ. ಎಸೆದ ಚೆಂಡನ್ನು ತಡೆಯಲು ಕೈ ಎಟುಕಿದರೆ ಬಹುಮಟ್ಟಿಗೆ ಸಾಕು, ಆದರೆ ಅಂಕ ಗಳಿಸಲು ಬುಟ್ಟಿಯ ಬಳಿ ಎದುರಾಳಿಯ ಒತ್ತಡಕ್ಕೆ ಜಗ್ಗದೆ ನಿಲ್ಲುವ ಮೈತೂಕವೂ ಚೆಂಡನ್ನು ಪಳಗಿಸುವ ಕೈಯೂ ಬೇಕು. ಎತ್ತರ ಇವೆರಡನ್ನೂ ಕೊಡುವುದಿಲ್ಲ.

ಎತ್ತರಕ್ಕಿಂತ ಒಂದು ಪಾಲು ಹೆಚ್ಚು ನಂಬಬಹುದಾದ ಅಳತೆಯೆಂದರೆ ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದಾಗ ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಗೆ ಇರುವ ಉದ್ದ. ಹೂವಿನ ಅಂಗಡಿಯಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಮಾರು’ ಎಂಬ ಅಳತೆ ಇದೇ. ಸಾಮಾನ್ಯ ಮನುಷ್ಯನ ಮಾರು ಹೆಚ್ಚುಕಡಿಮೆ ಅವನ ಎತ್ತರದಷ್ಟೇ ಇರುತ್ತದೆ. 2023ರ ಡ್ರಾಫ್ಟ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಮೊದಲನೆಯವರಾಗಿ ಆರಿಸಿದ ಫ್ರಾನ್ಸ್‌ನ ವಿಕ್ಟರ್ ವೆಂಬನ್ಯಾಮಾ ಅವರ ಎತ್ತರ ಏಳಡಿ ನಾಲ್ಕಿಂಚು, ಅವರ ಮಾರು ಸುಮಾರು ಎಂಟಡಿ. ಎಂಟಿಂಚಿನ ಈ ಹೆಚ್ಚುವರಿಯೇ, ಎದುರಾಳಿ ಎಸೆತಕ್ಕೆ ಅಣಿಯಾದ ಮೇಲೆ ಒಂದು ಹೆಜ್ಜೆ ತಡವಾಗಿ ಬಂದರೂ ಚೆಂಡನ್ನು ತಡೆಯುವ ಅವಕಾಶವನ್ನು ಅವರಿಗೆ ಕೊಡುತ್ತದೆ.

ದೇಹದ ಅಳತೆಯ ನಂತರ ಬರುವುದು ಹಿಂದಿನ ಆಟದ ಲೆಕ್ಕ. ಕಾಲೇಜು ಪಂದ್ಯಾವಳಿಯಲ್ಲೋ ಬೇರೆ ದೇಶದ ಲೀಗ್‌ನಲ್ಲೋ ಗಳಿಸಿದ ಸರಾಸರಿಗಳನ್ನು ಹಾಗೆಯೇ ಎನ್‌ಬಿಎಗೆ ಎತ್ತಿಟ್ಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಎದುರಾಳಿಗಳ ಮಟ್ಟ, ಪಂದ್ಯದ ಅವಧಿ, ಆಟದ ವೇಗ ಹಾಗೂ ನಿಯಮಗಳು ಒಂದೊಂದು ಕಡೆ ಒಂದೊಂದು ತೆರ. ಫ್ರಾನ್ಸ್‌ನಲ್ಲಿ ಪಂದ್ಯ 40 ನಿಮಿಷದ್ದಾದರೆ ಎನ್‌ಬಿಎಯಲ್ಲಿ 48 ನಿಮಿಷದ್ದು. ಅಂತರರಾಷ್ಟ್ರೀಯ ನಿಯಮದಲ್ಲಿ ರಕ್ಷಣೆಗೆ ನಿಂತ ಸೆಂಟರ್ ಬುಟ್ಟಿಯ ಕೆಳಗೆ ಎಷ್ಟು ಹೊತ್ತಾದರೂ ಕಾವಲು ನಿಲ್ಲಬಹುದು. ಎನ್‌ಬಿಎಯಲ್ಲಿ ಮಾತ್ರ, ಹತ್ತಿರದಲ್ಲಿ ಎದುರಾಳಿಯಿಲ್ಲದಿದ್ದರೆ ಮೂರು ಸೆಕೆಂಡಿಗಿಂತ ಹೆಚ್ಚು ಅಲ್ಲಿ ನಿಲ್ಲುವಂತಿಲ್ಲ. ಆದ್ದರಿಂದ ಲೆಕ್ಕ ಹಾಕುವವರು ಮೊದಲು ಪಂದ್ಯದ ಸರಾಸರಿಯನ್ನು ಬದಿಗಿಟ್ಟು, ಆಡಿದ ನಿಮಿಷಗಳಿಗೆ ಭಾಗಿಸಿ, ‘36 ನಿಮಿಷಕ್ಕೆ ಎಷ್ಟು’ ಎಂಬ ಸಮಾನ ದರಕ್ಕೆ ಇಳಿಸಿಕೊಳ್ಳುತ್ತಾರೆ. ಆಮೇಲೆ, ಆ ಲೀಗ್‌ನಿಂದ ಹಿಂದೆ ಬಂದವರ ದರ ಎಷ್ಟು ಏರಿತು ಅಥವಾ ಇಳಿಯಿತು ಎಂಬುದನ್ನು ನೋಡಿ ತಿದ್ದುತ್ತಾರೆ.

ವೆಂಬನ್ಯಾಮಾ ಅವರ ಲೆಕ್ಕ ಈ ದೃಷ್ಟಿಯಿಂದ ಕುತೂಹಲಕಾರಿ. ಫ್ರಾನ್ಸ್‌ನ ಕೊನೆಯ ಋತುವಿನಲ್ಲಿ ಅವರು ಪಂದ್ಯಕ್ಕೆ 32 ನಿಮಿಷ ಆಡಿ 21.6 ಅಂಕ, 10.4 ರೀಬೌಂಡ್ ಮತ್ತು 3 ಬ್ಲಾಕ್ ಗಳಿಸಿದ್ದರು. ಎನ್‌ಬಿಎಯ ಮೊದಲ ಋತುವಿನಲ್ಲಿ 71 ಪಂದ್ಯ ಆಡಿ, ಪಂದ್ಯಕ್ಕೆ 30 ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ, 21.4 ಅಂಕ, 10.6 ರೀಬೌಂಡ್ ಮತ್ತು 3.6 ಬ್ಲಾಕ್ ಗಳಿಸಿದರು. ಮೇಲ್ನೋಟಕ್ಕೆ ಎರಡೂ ಒಂದೇ ಅಚ್ಚಿನಂತೆ ಕಂಡರೂ 36 ನಿಮಿಷದ ದರಕ್ಕೆ ಇಳಿಸಿದಾಗ ಬ್ಲಾಕ್‌ಗಳು ಸುಮಾರು 3.4ರಿಂದ 4.4ಕ್ಕೆ ಏರಿರುವುದು ಕಾಣುತ್ತದೆ. ಹೆಚ್ಚು ಬಲಿಷ್ಠವಾದ ಲೀಗ್‌ಗೆ ಹೋದಾಗ ದರ ಇಳಿಯಬೇಕೆಂಬುದು ಸಾಮಾನ್ಯ ನಿರೀಕ್ಷೆ. ಅದು ಏರಿತೆಂದರೆ ಅಸಾಧಾರಣ ಆಟಗಾರನನ್ನು ಸರಾಸರಿಯ ಸೂತ್ರದಿಂದ ಪೂರ್ತಿ ಹಿಡಿಯಲಾಗದು ಎಂದೇ ಅರ್ಥ. ಆದರೂ ಹಿಂದಿನ ಲೆಕ್ಕ ಪೂರ್ತಿ ಸುಳ್ಳಾಗಲಿಲ್ಲ ಎಂಬುದನ್ನು ಒಪ್ಪಬೇಕು. ಬ್ಲಾಕ್ ಮತ್ತು ರೀಬೌಂಡ್‌ಗಳು ದೇಹದ ಅಳತೆ ಮತ್ತು ಸಮಯಪ್ರಜ್ಞೆಯನ್ನು ಅವಲಂಬಿಸಿದ ಗುಣಗಳಾದ್ದರಿಂದ, ಒಂದು ಲೀಗ್‌ನಿಂದ ಇನ್ನೊಂದಕ್ಕೆ ಹೋದಾಗ ಅವು ಅಂಕಗಳಿಗಿಂತ ಹೆಚ್ಚು ನಿಷ್ಠೆಯಿಂದ ಆಟಗಾರನ ಜತೆಗೇ ಬರುತ್ತವೆ.

ದೂರದ ಎಸೆತದ ಮುನ್ನಂದಾಜಿಗೆ ಬೇರೊಂದು ದಾರಿ ಇದೆ. ಮೂರು ಅಂಕದ ಗೆರೆಯಾಚೆಯಿಂದ ಎಸೆಯುವುದರಲ್ಲಿ ಹುಡುಗನೊಬ್ಬ ಮುಂದೆ ಎಷ್ಟು ಪಳಗಿಯಾನು ಎಂದು ತಿಳಿಯಲು ಅವನ ಇಂದಿನ ದೂರದ ಎಸೆತಗಳಿಗಿಂತ, ಯಾರ ಅಡ್ಡಿಯೂ ಇಲ್ಲದೆ ನಿಂತಲ್ಲಿಂದ ಎಸೆಯುವ ‘ಫ್ರೀ ಥ್ರೋ’ಗಳ ಯಶಸ್ಸೇ ಹಲವೊಮ್ಮೆ ಉತ್ತಮ ಸೂಚಕವಾಗುತ್ತದೆ. ಅಲ್ಲಿ ಓಟವಿಲ್ಲ, ತಳ್ಳಾಟವಿಲ್ಲ. ಮಣಿಕಟ್ಟಿನ ಹದ ಮಾತ್ರ ಪರೀಕ್ಷೆಗೆ ಒಳಗಾಗುತ್ತದೆ. ಫ್ರಾನ್ಸ್‌ನಲ್ಲಿ ವೆಂಬನ್ಯಾಮಾ ಅವರ ಮೂರಂಕದ ಎಸೆತಗಳಲ್ಲಿ ಗುರಿ ಸೇರಿದ್ದು ಶೇ. 28ರ ಆಸುಪಾಸು ಮಾತ್ರವಾದರೂ ಫ್ರೀ ಥ್ರೋಗಳಲ್ಲಿ ಶೇ. 80ಕ್ಕೂ ಹೆಚ್ಚು ಗುರಿ ಸೇರಿದ್ದವು. ಎನ್‌ಬಿಎಗೆ ಬಂದ ಮೊದಲ ವರ್ಷ ಮೂರಂಕದ ಯಶಸ್ಸು ಶೇ. 32.5ಕ್ಕೂ ಮರುವರ್ಷ ಶೇ. 35ಕ್ಕೂ ಏರಿತು.

ಮುನ್ನಂದಾಜು ದಾರಿ ತಪ್ಪುವುದು ಹೆಚ್ಚಾಗಿ ಅವಸರದಿಂದ. 2023ರ ಜುಲೈನಲ್ಲಿ, ಹೊಸಬರಿಗಾಗಿ ಲಾಸ್ ವೇಗಸ್‌ನಲ್ಲಿ ನಡೆಯುವ ಬೇಸಿಗೆ ಪಂದ್ಯಾವಳಿಯ ತಮ್ಮ ಮೊದಲ ಪಂದ್ಯದಲ್ಲಿ ವೆಂಬನ್ಯಾಮಾ 13 ಬಾರಿ ಎಸೆದು ಎರಡೇ ಬಾರಿ ಗುರಿ ಮುಟ್ಟಿದರು, ಒಟ್ಟು 9 ಅಂಕ ಗಳಿಸಿದರು. ಎರಡು ದಿನಗಳ ನಂತರ ಅದೇ ಊರಿನಲ್ಲಿ 27 ಅಂಕ ಗಳಿಸಿದರು. 2002ರಲ್ಲಿ ಹ್ಯೂಸ್ಟನ್ ತಂಡ ಮೊದಲನೆಯವರಾಗಿ ಆರಿಸಿದ ಚೀನಾದ ಯಾವ್ ಮಿಂಗ್, ಏಳಡಿ ಆರಿಂಚಿನ ಸೆಂಟರ್, ತಮ್ಮ ಮೊದಲ ಎನ್‌ಬಿಎ ಪಂದ್ಯದಲ್ಲಿ ಒಂದೂ ಅಂಕ ಗಳಿಸಲಿಲ್ಲ. ಅವರು ಒಂದು ಪಂದ್ಯದಲ್ಲಿ 19 ಅಂಕ ಮುಟ್ಟಲಾರರೆಂದು ಮಾಜಿ ಆಟಗಾರ ಚಾರ್ಲ್ಸ್ ಬಾರ್ಕ್ಲಿ ಟಿವಿಯಲ್ಲಿ ಪಂಥ ಕಟ್ಟಿದ್ದರು. ನವೆಂಬರ್ ಮುಗಿಯುವುದರೊಳಗೇ ಯಾವ್ 20 ಅಂಕ ಗಳಿಸಿದರು. ಆ ಋತುವಿನ 82 ಪಂದ್ಯಗಳನ್ನೂ ಆಡಿದ ಅವರ ಸರಾಸರಿ 13.5 ಅಂಕ, 8.2 ರೀಬೌಂಡ್. ಒಂದೆರಡು ಪಂದ್ಯಗಳಲ್ಲಿ ಕಾಣುವ ಅತಿರೇಕಗಳು, ಒಳ್ಳೆಯವಾಗಲಿ ಕೆಟ್ಟವಾಗಲಿ, ಪಂದ್ಯಗಳು ಹೆಚ್ಚಿದಂತೆ ನಡುಮಟ್ಟದತ್ತ ಸರಿಯುತ್ತವೆ ಎಂಬ ಈ ನಿಯಮವನ್ನು ಸಂಖ್ಯಾಶಾಸ್ತ್ರಜ್ಞರು ‘ಸರಾಸರಿಯತ್ತ ಹಿಂಜರಿತ’ ಎಂಬ ಅರ್ಥದಲ್ಲಿ ಗುರುತಿಸುತ್ತಾರೆ.

ಇಷ್ಟಾದರೂ ದರ ಸರಿಯಾಗಿ, ಭವಿಷ್ಯ ಮಾತ್ರ ಪೂರ್ತಿ ಸುಳ್ಳಾಗುವುದುಂಟು. ಟಾಂಜಾನಿಯಾದ ಹಶೀಮ್ ಥಬೀಟ್, ಏಳಡಿ ಮೂರಿಂಚು ಎತ್ತರದವರು, ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಪಂದ್ಯಕ್ಕೆ ನಾಲ್ಕಕ್ಕೂ ಹೆಚ್ಚು ಬ್ಲಾಕ್ ಗಳಿಸಿ 2009ರಲ್ಲಿ ಎರಡನೆಯವರಾಗಿ ಮೆಂಫಿಸ್ ತಂಡ ಸೇರಿದರು. ಅವರ ನಂತರ ಮೂರನೆಯವರಾಗಿ ಜೇಮ್ಸ್ ಹಾರ್ಡನ್, ಏಳನೆಯವರಾಗಿ ಸ್ಟೀಫನ್ ಕರಿ, ಇಬ್ಬರೂ ಮುಂದೆ ಲೀಗ್‌ನ ದೊಡ್ಡ ತಾರೆಗಳಾದವರು, ಆಯ್ಕೆಯಾದರು ಎಂಬುದು ಆ ತಂಡದ ಅಭಿಮಾನಿಗಳಿಗೆ ಇಂದಿಗೂ ನೋವಿನ ನೆನಪು. ಥಬೀಟ್ ಮೊದಲ ವರ್ಷ ಗಳಿಸಿದ್ದು ಪಂದ್ಯಕ್ಕೆ 3.1 ಅಂಕ, 1.3 ಬ್ಲಾಕ್. ಆದರೆ ಅವರು ಅಂಗಳದಲ್ಲಿದ್ದದ್ದು ಪಂದ್ಯಕ್ಕೆ ಸುಮಾರು 13 ನಿಮಿಷವಷ್ಟೇ. ನಿಮಿಷದ ದರದಲ್ಲಿ ನೋಡಿದರೆ ಅವರ ಬ್ಲಾಕ್‌ಗಳು ವೆಂಬನ್ಯಾಮಾ ಅವರು ಫ್ರಾನ್ಸ್‌ನಲ್ಲಿ ಗಳಿಸಿದ್ದಕ್ಕೆ ಕಡಿಮೆಯೇನಲ್ಲ. ಎಂದರೆ ಬ್ಲಾಕ್‌ಗಳ ಅಂದಾಜು ಸರಿಯಾಗಿತ್ತು, ನಿಮಿಷಗಳ ಅಂದಾಜು ಕೈಕೊಟ್ಟಿತು. ಸೆಂಟರ್‌ಗೆ ತರಬೇತುದಾರ ಎಷ್ಟು ನಿಮಿಷ ಕೊಡುತ್ತಾನೆ ಎಂಬುದು, ಅವನು ಫೌಲ್‌ಗೆ ಸಿಕ್ಕಿಬೀಳದೆ ರಕ್ಷಿಸಬಲ್ಲನೇ, ವೇಗದ ಪುಟ್ಟ ಆಟಗಾರರನ್ನು ಬೆನ್ನಟ್ಟಬಲ್ಲನೇ, ದಾಳಿಯಲ್ಲಿ ತನ್ನವರಿಗೆ ಅಡ್ಡವಾಗದೆ ಇರಬಲ್ಲನೇ ಎಂಬುದರ ಮೇಲೆ ನಿಂತಿದೆ. ಎನ್‌ಬಿಎಯಲ್ಲಿ ಆರನೆಯ ಫೌಲ್‌ಗೆ ಆಟಗಾರ ಹೊರಹೋಗಬೇಕಾದ್ದರಿಂದ, ಹೊಸಬನ ಹಳೆಯ ಲೆಕ್ಕದಲ್ಲಿ ಬ್ಲಾಕ್‌ಗಳಿಗಿಂತ ಮೊದಲು ಫೌಲ್‌ಗಳ ಸಾಲನ್ನು ನೋಡುವುದು ವಿವೇಕ.

ತಂಡದ ಗೆಲುವನ್ನು ಹೊಸಬನ ಹೆಗಲಿಗೆ ಕಟ್ಟುವುದು ಇನ್ನೂ ಅಪಾಯದ ಕೆಲಸ. ಡೇವಿಡ್ ರಾಬಿನ್ಸನ್ ನೌಕಾಪಡೆಯ ಸೇವೆ ಮುಗಿಸಿ, 24ರ ಪಕ್ವ ವಯಸ್ಸಿನಲ್ಲಿ 1989ರಲ್ಲಿ ಸ್ಪರ್ಸ್ ಸೇರಿದಾಗ ತಂಡದ ಗೆಲುವು 21ರಿಂದ 56ಕ್ಕೆ ಜಿಗಿಯಿತು. ಅದೇ ತಂಡಕ್ಕೆ ವೆಂಬನ್ಯಾಮಾ ಬಂದು, ವರ್ಷದ ಹೊಸಬ ಪ್ರಶಸ್ತಿಯನ್ನು ಸರ್ವಾನುಮತದಿಂದ ಗೆದ್ದ ಋತುವಿನಲ್ಲಿ ಗೆಲುವು 22. ಅವರು ಬರುವ ಹಿಂದಿನ ವರ್ಷವೂ 22.

ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡುವುದು ಎಲುಬು. ಒಂದೇ ಮೈಕಟ್ಟಿನಲ್ಲಿ ಎತ್ತರ ಶೇ. 20ರಷ್ಟು ಹೆಚ್ಚಿದರೆ ತೂಕ ಶೇ. 70ಕ್ಕೂ ಮಿಕ್ಕಿ ಹೆಚ್ಚುತ್ತದೆ, ಆದರೆ ಆ ಭಾರ ಹೊರುವ ಎಲುಬಿನ ಅಡ್ಡಕೊಯ್ತದ ವಿಸ್ತಾರ ಹೆಚ್ಚುವುದು ಶೇ. 44ರಷ್ಟು ಮಾತ್ರ, ಓಡಿ ನೆಗೆದು ನೆಲಕ್ಕಿಳಿದಾಗಲೆಲ್ಲ ಈ ಕೊರತೆಯನ್ನು ಪಾದವೂ ಮಂಡಿಯೂ ತುಂಬಿಕೊಡಬೇಕು. 2007ರಲ್ಲಿ ಕೆವಿನ್ ಡ್ಯುರಾಂಟ್ ಅವರನ್ನು ಬಿಟ್ಟು ಪೋರ್ಟ್‌ಲ್ಯಾಂಡ್ ತಂಡ ಆರಿಸಿದ ಏಳಡಿಯ ಗ್ರೆಗ್ ಓಡನ್, ಮಂಡಿಯ ಶಸ್ತ್ರಚಿಕಿತ್ಸೆಯಿಂದ ಮೊದಲ ವರ್ಷವನ್ನೇ ಕಳೆದುಕೊಂಡು, ಇಡೀ ಎನ್‌ಬಿಎ ವೃತ್ತಿಜೀವನದಲ್ಲಿ 105 ಪಂದ್ಯಗಳನ್ನಷ್ಟೇ ಆಡಿದರು. ಇನ್ನೊಬ್ಬ ಸೆಂಟರ್ ಜೋಯೆಲ್ ಎಂಬೀಡ್ ಅವರ ಮೊದಲ ಎರಡು ಋತುಗಳು ಪಾದದ ಕಮಾನಿನ ಒಂದು ಪುಟ್ಟ ಎಲುಬಿನ ಬಿರುಕಿಗೆ ಬಲಿಯಾದವು. ಯಾವ್ ಮಿಂಗ್ 2011ರಲ್ಲಿ, 30ರ ವಯಸ್ಸಿಗೇ, ಪದೇ ಪದೇ ಕಾಡಿದ ಪಾದದ ಪೆಟ್ಟುಗಳಿಂದ ನಿವೃತ್ತರಾದರು. ವೆಂಬನ್ಯಾಮಾ ಅವರ ಎರಡನೆಯ ಋತು 46 ಪಂದ್ಯಗಳಿಗೇ ನಿಂತುಹೋಯಿತು, ಅದೂ ಎಲುಬಿನಿಂದಲ್ಲ, ಬಲಭುಜದಲ್ಲಿ ಕಾಣಿಸಿಕೊಂಡ ರಕ್ತ ಹೆಪ್ಪುಗಟ್ಟುವಿಕೆಯಿಂದ. ಇದನ್ನು ಯಾವ ಕೋಷ್ಟಕ ಮುಂಚೆಯೇ ಹೇಳೀತು? ಆದ್ದರಿಂದ ‘ಈತ 20 ಅಂಕ ಗಳಿಸುತ್ತಾನೆ’ ಎಂಬ ಒಂಟಿ ಸಂಖ್ಯೆಗಿಂತ, ‘ಆಡಿದ ನಿಮಿಷಕ್ಕೆ ಇಷ್ಟರಿಂದ ಇಷ್ಟು, ಆಡುವ ಪಂದ್ಯಗಳು 40ರಿಂದ 80’ ಎಂಬ ಅಗಲವಾದ ಹರವನ್ನು ಕೊಡುವವನ ಮಾತೇ ಹೆಚ್ಚು ಪ್ರಾಮಾಣಿಕ.

ಪಟ್ಟಿಯ ಕೆಳಗೆ ಬಿದ್ದವರನ್ನೂ ಮರೆಯುವಂತಿಲ್ಲ. 2013ರಲ್ಲಿ 27ನೆಯವರಾಗಿ ಆಯ್ಕೆಯಾದ ರೂಡಿ ಗೊಬೇರ್ ಮೊದಲ ವರ್ಷ ಪಂದ್ಯಕ್ಕೆ 2.3 ಅಂಕ ಗಳಿಸಿ, ಮುಂದೆ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ನಾಲ್ಕು ಬಾರಿ ಗೆದ್ದರು.

ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗರಾದ ಸತ್ನಾಮ್ ಸಿಂಗ್ ಅವರ ಕಥೆಯನ್ನು ಈ ಬೆಳಕಿನಲ್ಲೇ ಓದಬೇಕು. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ, ಏಳಡಿ ಎರಡಿಂಚಿನ ಈ ಯುವಕನನ್ನು 2015ರಲ್ಲಿ ಡಲ್ಲಾಸ್ ತಂಡ 52ನೆಯವರಾಗಿ ಆರಿಸಿತು. ಎನ್‌ಬಿಎಯ ಒಂದು ಪಂದ್ಯವನ್ನೂ ಅವರು ಆಡಲಾಗಲಿಲ್ಲ. ಹದಿಹರೆಯದಲ್ಲೇ ಫ್ಲೋರಿಡಾದ ಅಕಾಡೆಮಿಯೊಂದರಲ್ಲಿ ತರಬೇತಿ ಪಡೆದಿದ್ದರೂ ಕಾಲೇಜು ಮಟ್ಟದಲ್ಲಾಗಲಿ ವೃತ್ತಿಪರ ಮಟ್ಟದಲ್ಲಾಗಲಿ ಆಡಿದ ಲೆಕ್ಕ ಅವರ ಬೆನ್ನಿಗಿರಲಿಲ್ಲ, ಆದ್ದರಿಂದ ಅಳೆಯಲು ಆಧಾರವಾಗಿ ಸಿಕ್ಕದ್ದು ಬಹುಮಟ್ಟಿಗೆ ಎತ್ತರವೇ. ವೆಂಬನ್ಯಾಮಾ 19ಕ್ಕೆ ಬರುವ ಹೊತ್ತಿಗೆ ಫ್ರಾನ್ಸ್‌ನ ದೊಡ್ಡವರ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿದ್ದರು. ನಮ್ಮ ಶಾಲೆಗಳಲ್ಲಿ ಎತ್ತರದ ಹುಡುಗ ಹುಡುಗಿಯರು ಕಣ್ಣಿಗೆ ಬಿದ್ದಾಗ ಕ್ರೀಡಾ ಸಂಸ್ಥೆಗಳು ಅವರ ಎತ್ತರವನ್ನು ಬರೆದುಕೊಂಡರೆ ಸಾಲದು. ವರ್ಷಕ್ಕೆ ಹತ್ತಾರು ಗಟ್ಟಿ ಪಂದ್ಯಗಳನ್ನು ಆಡಿಸಿ, ಪ್ರತಿಯೊಂದರ ನಿಮಿಷ, ಫೌಲ್, ರೀಬೌಂಡ್‌ಗಳನ್ನು ದಾಖಲಿಸಿಡಬೇಕು.