ಕಾಫಿಯ ಚರಟವೂ ಕೈತೋಟದ ಮಣ್ಣೂ

ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದ ಬಳಿಕ ಉಳಿಯುವ ಚರಟವನ್ನು ಹಿತ್ತಲಿನ ಗುಲಾಬಿಯ ಬುಡಕ್ಕೆ ಸುರಿದು, ಕಸವೂ ಕಳೆಯಿತು, ಗಿಡಕ್ಕೂ ಉಪಕಾರವಾಯಿತೆಂದು ಸಮಾಧಾನಗೊಳ್ಳುವ ಗೃಹಸ್ಥರು ನಮ್ಮ ನಾಡಿನಲ್ಲಿ ವಿರಳರಲ್ಲ. ಅವರ ನಂಬಿಕೆ ನಿರಾಧಾರವಾದುದೆಂದು ಹೇಳಲಾಗದು. ಒಣಗಿದ ಚರಟದ ತೂಕದಲ್ಲಿ ಸುಮಾರು ಶೇಕಡಾ 2ರಷ್ಟು ಸಾರಜನಕವಿದೆ. ಅಲ್ಪಸ್ವಲ್ಪ ಪೊಟ್ಯಾಸಿಯಮ್ಮೂ ರಂಜಕವೂ ಇವೆ. ಆದರೆ ಆ ಸಾರಜನಕದ ಬಹುಭಾಗವು ಪ್ರೋಟೀನುಗಳಲ್ಲಿ ಬಂಧಿತವಾಗಿರುವುದರಿಂದ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು, ಬೇರುಗಳು ಹೀರಬಲ್ಲ ರೂಪಕ್ಕೆ ತರುವ ತನಕ ಗಿಡಕ್ಕೆ ಅದು ಇದ್ದೂ ಇಲ್ಲದಂತೆಯೇ ಸರಿ.

ಇದಕ್ಕಿಂತಲೂ ಗಹನವಾದ ಸಂಗತಿ ಕೆಫೀನಿನದು. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಕಾಫಿಬೀಜದಿಂದ ಬೇರ್ಪಡಿಸಿದ ಈ ಪದಾರ್ಥವು ಮನುಷ್ಯನ ಮಂಪರನ್ನು ಕಳೆಯುವುದಕ್ಕಾಗಿ ಹುಟ್ಟಿದುದಲ್ಲ. ಎಲೆಯನ್ನು ಮೇಯುವ ಹುಳುಗಳನ್ನು ದೂರವಿಡುವುದಕ್ಕೂ, ನೆಲಕ್ಕೆ ಸೇರಿದಾಗ ಅಕ್ಕಪಕ್ಕದ ಬೀಜಗಳ ಮೊಳಕೆಯನ್ನು ಕುಂಠಿತಗೊಳಿಸುವುದಕ್ಕೂ ಗಿಡಕ್ಕೆ ಒದಗಿದ ಆಯುಧವದು. ಹವಾಯಿಯಲ್ಲಿ ಸಂಶೋಧಕರು ಕೆಫೀನಿನ ದ್ರಾವಣದಿಂದ ಗೊಂಡೆಹುಳು, ಬಸವನಹುಳುಗಳು ಸಾಯುವುದನ್ನು ಕಂಡು 2002ರಲ್ಲಿ ಪ್ರಕಟಿಸಿದರು. ಕುದಿನೀರು ಎಷ್ಟು ಹೀರಿದರೂ ಚರಟದಲ್ಲಿ ಈ ಆಯುಧದ ಅಂಶವೊಂದು ಉಳಿದೇ ಇರುತ್ತದೆ. ನಮ್ಮ ಪುಡಿಯಲ್ಲಿ ಚಿಕೋರಿಯ ಪಾಲು ಹೆಚ್ಚಿದಷ್ಟೂ ಕೆಫೀನಿನ ಪಾಲು ತಗ್ಗುವುದು ನಿಜ. ಚಿಕೋರಿಯನ್ನು ಹೊಗಳುವುದಕ್ಕೆ ನನಗೆ ದೊರೆತ ಏಕೈಕ ಸಂದರ್ಭವಿದು.

ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಇಬ್ಬರು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಷಯದಲ್ಲಿ ಮನನೀಯವಾದುದು. ಬ್ರಾಕೊಲಿ, ಲೀಕ್, ಮೂಲಂಗಿ, ವಯೋಲ, ಸೂರ್ಯಕಾಂತಿಗಳನ್ನು ಹಸಿ ಚರಟ ಬೆರೆಸಿದ ಬಗೆಬಗೆಯ ಮಣ್ಣಿನಲ್ಲಿ ಬೆಳೆಸಿದಾಗ, ಗೊಬ್ಬರ ಕೊಟ್ಟರೂ ಕೊಡದಿದ್ದರೂ, ಎಲ್ಲ ಸಸ್ಯಗಳೂ ಕೃಶವಾದುವು. ಮಣ್ಣಿನ ನೀರು ಹಿಡಿಯುವ ಶಕ್ತಿಯೇನೋ ಹೆಚ್ಚಿತು, ಕಳೆಯೂ ಕುಗ್ಗಿತು. ಆದರೆ ಕಳೆಯನ್ನು ಕುಗ್ಗಿಸಿದ ವಸ್ತು ಬೆಳೆಯನ್ನು ಮಾತ್ರ ಬಿಟ್ಟೀತೆ? ಆಮ್ಲತೆಯಾಗಲಿ ಸಾರಜನಕದ ಅಭಾವವಾಗಲಿ ಈ ಕುಂಠಿತಕ್ಕೆ ಕಾರಣವಾಗಿರಲಿಲ್ಲವಾಗಿ, ಚರಟದಲ್ಲೇ ಇದ್ದ ಸಸ್ಯವಿರೋಧಿ ದ್ರವ್ಯಗಳೇ ಕಾರಣವೆಂದು ಅವರು ನಿರ್ಣಯಿಸಿದರು.

ಆಮ್ಲತೆಯ ಮಾತು ಬಂದುದರಿಂದ ಒಂದು ಭ್ರಮೆಯನ್ನೂ ನಿವಾರಿಸಬೇಕು. ಕಾಫಿಯ ಆಮ್ಲಗಳು ಬಹುಪಾಲು ನೀರಿನಲ್ಲಿ ಕರಗಿ ಲೋಟಕ್ಕೆ ಇಳಿದುಹೋಗುವುದರಿಂದ, ಮಣ್ಣನ್ನು ಹುಳಿಯಾಗಿಸಲೆಂದು ಚರಟವನ್ನು ನೆಚ್ಚುವುದು ವ್ಯರ್ಥ.

ಹಾಗಾದರೆ ಚರಟ ತ್ಯಾಜ್ಯವೆ? ಅಲ್ಲ. ಕೊಡಗು, ಚಿಕ್ಕಮಗಳೂರುಗಳ ತೋಟಗಾರರು ಕಾಫಿಹಣ್ಣಿನ ಸಿಪ್ಪೆಯನ್ನು ಕೊಳೆಸಿ ಗೊಬ್ಬರವಾದ ಬಳಿಕ ಗಿಡಕ್ಕೆ ಹಾಕುವಂತೆ, ಚರಟವನ್ನೂ ಮೊದಲು ತಿಪ್ಪೆಗೆ ಸೇರಿಸಬೇಕು. ಒಣಗಿದ ತರಗೆಲೆ, ತರಕಾರಿ ಸಿಪ್ಪೆಗಳೊಡನೆ ಒಟ್ಟು ರಾಶಿಯ ಐದನೆಯ ಒಂದು ಪಾಲನ್ನು ಮೀರದಂತೆ ಬೆರೆಸಿ, ತೇವವಾಗಿಟ್ಟು ಆಗಾಗ ತಿರುವಿಹಾಕುತ್ತ ಬಂದರೆ, ಸೂಕ್ಷ್ಮಜೀವಿಗಳು ಕೆಲವು ತಿಂಗಳುಗಳಲ್ಲಿ ಅದರ ವಿಷವನ್ನು ಬಹುಮಟ್ಟಿಗೆ ಜೀರ್ಣಿಸಿಕೊಂಡು ಉತ್ತಮ ಗೊಬ್ಬರವನ್ನು ಕೊಡುತ್ತವೆ. ಬುಡಕ್ಕೆ ನೇರವಾಗಿ ಹರಡಲೇಬೇಕೆಂದಿದ್ದರೆ ತೆಳುವಾಗಿ ಹರಡಿ, ಮೇಲೆ ತರಗು ಮುಚ್ಚಿರಿ. ದಪ್ಪವಾಗಿ ಹಾಕಿದರೆ ನುಣ್ಣನೆಯ ಕಣಗಳು ಒಣಗಿ ಹೆಪ್ಪುಗಟ್ಟಿ, ಸುರಿದ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಬಿತ್ತಿದ ಪಾತಿಗೂ ಎಳೆಯ ಸಸಿಗಳ ಕುಂಡಕ್ಕೂ ಹಸಿ ಚರಟವನ್ನು ಹಾಕಲೇಬೇಡಿರಿ.