ನೋವುಂಡವರ ಕತೆ ಅಳಲೇಬೇಕೆ?

ಕಷ್ಟ ಉಂಡವರು ಬರೆದರೆ ಪುಟಪುಟಕ್ಕೂ ಕಣ್ಣೀರು ಅನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿರುವ ನಂಬಿಕೆ. ಹಾಗೆ ನಂಬಿದವರು ದೇವನೂರ ಮಹಾದೇವರ 'ಒಡಲಾಳ' ಓದಬೇಕು. ಸಾಕವ್ವನ ಮನೆಯಲ್ಲಿ ಹಸಿವು ಖಾಯಂ. ಒಂದು ರಾತ್ರಿ ಕದ್ದು ತಂದ ಕಡಲೆಕಾಯಿ ಮೂಟೆ ಬಿಚ್ಚಿಕೊಳ್ಳುತ್ತದೆ. ದೊಡ್ಡವರು, ಮಕ್ಕಳು ಎಲ್ಲ ಬೆಂಕಿಯ ಸುತ್ತ ಕೂತು ತಿಂದದ್ದೇ ತಿಂದದ್ದು. ಮಾತು, ತಮಾಷೆ, ಹಬ್ಬದ ಕಳೆ. ಲೇಖಕರ ಬಾಯಿಂದ ಒಂದು 'ಅಯ್ಯೋ ಪಾಪ' ಬರುವುದಿಲ್ಲ. ಆ ಮನೆ ಎಷ್ಟು ದಿನದಿಂದ ಹಸಿದಿತ್ತೆಂಬುದು ತಿನ್ನುವ ಆ ಸಡಗರದಲ್ಲೇ ತಿಳಿಯುತ್ತದೆ.

ದೇವನೂರರದೇ 'ಕುಸುಮಬಾಲೆ'ಯ ಮೇಲಿನ ದೂರು ಬೇರೆ: ಆಡುಮಾತು ಬರೀ ಅಲಂಕಾರ, ಸುಮ್ಮನೆ ಓದುಗರಿಗೆ ತೊಡಕು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿಯ ಬಗ್ಗೆ ಇವತ್ತಿಗೂ ಈ ಮಾತಿದೆ. ತೊಡಕು ಯಾರಿಗೆ? 'ಏನು' ಎನ್ನಲು 'ಯಾನ' ಎಂದು ಮಾತು ತೆಗೆಯುವ ಚಂದಕವಾಡಿ, ಚಾಮರಾಜನಗರದ ಕಡೆಯವರಿಗೆ ಅದು ಮನೆಮಾತು. ಜಾತಿಯ ಗೆರೆ ದಾಟಿ ಪ್ರೀತಿಸಿದ ಚೆನ್ನನ ಕೊಲೆಯನ್ನು ಪತ್ರಿಕೆಯ ಕನ್ನಡದಲ್ಲಿ ಬರೆದಿದ್ದರೆ ಅದು ಪೊಲೀಸ್ ಠಾಣೆಯ ವರದಿಯಾಗುತ್ತಿತ್ತು. ಇಲ್ಲಿ ರಾತ್ರಿ ಹೊತ್ತು ದೀಪದ ಜೋತಮ್ಮಗಳು ಒಂದೆಡೆ ಸೇರಿ ಮಾತಿಗೆ ಕೂರುತ್ತವೆ. ಮನುಷ್ಯರು ಬಾಯಿ ಬಿಡಲಾಗದ ಊರಿನಲ್ಲಿ ದೀಪಗಳಾದರೂ ಮಾತಾಡಲೇಬೇಕಲ್ಲ! ಜನಪದ ಗಾಯಕರಾದ ನೀಲಗಾರರ ಬಾಯಲ್ಲಿ ಮಂಟೇಸ್ವಾಮಿಯ ಕತೆ ಕೇಳಿ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಆಡುಮಾತು ಇಲ್ಲಿ ಒಡವೆಯಲ್ಲ, ಆ ನೋವು ನುಡಿಯಬಲ್ಲ ಭಾಷೆಯೇ ಅದು.

ತನಗಾದದ್ದನ್ನು ಇದ್ದಹಾಗೇ ಇಳಿಸಿದರೆ ಕಾದಂಬರಿ ಎನ್ನುವವರೂ ಇದ್ದಾರೆ. ಎಸ್.ಎಲ್. ಭೈರಪ್ಪ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಆದರೆ 'ಗೃಹಭಂಗ'ದ (1970) ನಡುವೆ ನಿಂತಿರುವುದು ಅನಾಥನಾಗುವ ಹುಡುಗ ವಿಶ್ವನಲ್ಲ, ಸಂಸಾರ ಎಳೆಯುವ ತಾಯಿ ನಂಜಮ್ಮ. ಬೆಳೆದ ಮಕ್ಕಳಿಬ್ಬರು ಪ್ಲೇಗಿಗೆ ಬಲಿಯಾಗುವ ಕಡೆಯೂ ನಿರೂಪಣೆ ದನಿ ಏರಿಸುವುದಿಲ್ಲ. ಆ ಸಂಯಮ ಇದ್ದಹಾಗೇ ಇಳಿಸುವವರಿಗೆ ದಕ್ಕುವಂಥದ್ದಲ್ಲ.

ಇನ್ನು 'ಬರೆದುಬಿಡು, ಹಗುರಾಗುತ್ತೀಯ' ಎಂಬ ಉಪದೇಶ. ಇದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಸಂಶೋಧನೆಯನ್ನು ಆಧಾರವಾಗಿ ಕೊಡುವುದುಂಟು. 1986ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಆಘಾತದ ಬಗ್ಗೆ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋದದ್ದು ಕಡಿಮೆಯಾಯಿತು, ನಿಜ. ಆದರೆ ಅದು ಕತೆಯಲ್ಲ, ಖಾಸಗಿ ಬರಹ. ಬರೆದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಭಾರವಾಗಿತ್ತು ಎಂಬ ಅರ್ಧವನ್ನು ಉಪದೇಶಿಗಳು ಬಿಟ್ಟೇ ಹೇಳುತ್ತಾರೆ.