ಹ್ಯಾಮ್ ಕ್ಲಬ್ಬಿಗೆ ಮೊದಲು ತಂತಿ, ಆಮೇಲೆ ಸೆಟ್ಟು

ದಿಂಡಿಗಲ್: ವಿಶ್ವವಿದ್ಯಾಲಯದಲ್ಲಿ ಹ್ಯಾಮ್ (ಹವ್ಯಾಸಿ) ರೇಡಿಯೋ ಕ್ಲಬ್ ಅಂದ ಕೂಡಲೇ ಎಲ್ಲರ ಕಣ್ಣು ದುಬಾರಿ ಸೆಟ್ ಮೇಲೆ. ಸಿರುಮಲೆ ಬೆಟ್ಟದ ಬುಡದ ಗಾಂಧಿಗ್ರಾಮ ಗ್ರಾಮೀಣ ವಿವಿಯಂಥ ಕಡೆ ಮೊದಲು ನೋಡಬೇಕಾದ್ದು ಆಂಟೆನಾ.

2018ರ ಮಾರ್ಚ್‌ನಲ್ಲಿ ತೇಣಿ ಜಿಲ್ಲೆಯ ಕುರಂಗಣಿ ಕಾಡ್ಗಿಚ್ಚಿಗೆ 20ಕ್ಕೂ ಹೆಚ್ಚು ಚಾರಣಿಗರು ಬಲಿಯಾದರು. ರೇಡಿಯೋ ಇದ್ದಿದ್ದರೆ ಉಳೀತಿದ್ದರು ಅಂತಲ್ಲ. ಆದರೆ ಅಂಥ ಜಾಗದಲ್ಲಿ 145 ಮೆಗಾಹರ್ಟ್ಸ್ ಕೈಸೆಟ್ಟಿನ ಮಾತು ಗುಡ್ಡ ದಾಟೋದು ಕಷ್ಟ. 7 ಮೆಗಾಹರ್ಟ್ಸ್ ಅಲೆ ಹಗಲು ಹೊತ್ತು ನೆಟ್ಟಗೆ ಮೇಲೇರಿ, ಬಾನಿಂದ ತಿರುಗಿ, ಕನ್ನಡ ಮನೆಮಾತಿನವರೂ ಇರುವ ಕಂಬಂ ಕಣಿವೆಗೆ ಇಳಿಯಬಲ್ಲದು. ಅದಕ್ಕೆ ತಗ್ಗಿನಲ್ಲಿ ಕಟ್ಟಿದ ಸುಮಾರು 20 ಮೀಟರ್ ತಾಮ್ರದ ತಂತಿ ಸಾಕು, ಹುಡುಗರೇ ಕಟ್ಟಬಹುದು. ಕರೆಂಟು ಹೋದರೆ 12 ವೋಲ್ಟ್ ಬ್ಯಾಟರಿ.

ಕ್ಲಬ್ಬಿಗೆ ಕೇಂದ್ರದ ಲೈಸೆನ್ಸ್ ಬೇಕು, ವಿದ್ಯಾರ್ಥಿಗಳು ಪರೀಕ್ಷೆ ಪಾಸಾಗಬೇಕು. ಪಾಸಾದವರ ಕೈಗೆ ಕೋಣೆಯ ಕೀಲಿಯೂ ಸಿಗಬೇಕು. ಸಂಜೆ 5ಕ್ಕೆ ಬೀಗ ಬಿದ್ದರೆ ಸೆಟ್ಟು ಕಪಾಟಿಗಷ್ಟೇ.